ಮಿಲಿಟರಿ ಕಮಿಷನ್: ಕೋರ್ಟ್ ಮಾರ್ಷಲ್ಲೂ ಅಲ್ಲ, ಟ್ರಿಬ್ಯುನಲ್ಲೂ ಅಲ್ಲ

ಕ್ಯೂಬಾದಲ್ಲಿರುವ ಅಮೆರಿಕದ ಸೇನಾ ಜೈಲು ಗ್ವಾಂಟನಾಮೊದ ಸುದ್ದಿ ಬಂದಾಗಲೆಲ್ಲ ನಮ್ಮಲ್ಲಿ ‘ಶಂಕಿತ ಉಗ್ರರಿಗೆ ಕೋರ್ಟ್ ಮಾರ್ಷಲ್’ ಎಂದು ಬರೆದುಬಿಡುತ್ತಾರೆ. ಮುಂದಿನ ಪ್ಯಾರಾದಲ್ಲಿ ಅದೇ ‘ಸೇನಾ ನ್ಯಾಯಮಂಡಳಿ’ ಆಗುತ್ತದೆ, ಕೊನೆಗೆ ‘ಸೇನಾ ಆಯೋಗ’. ಇವು ಬೇರೆ ಬೇರೆ ವ್ಯವಸ್ಥೆಗಳು. ಅಲ್ಲಿನ ವಿಚಾರಣೆ ನ್ಯಾಯಯುತವೇ ಎಂದು ಇಷ್ಟು ವರ್ಷ ನಡೆದ ವಾದದ ತಿರುಳೇ ಈ ವ್ಯತ್ಯಾಸ. ಅದನ್ನೇ ಅಳಿಸಿಹಾಕಿದರೆ ಓದುಗನಿಗೆ ತಿಳಿಯುವುದೇನು?

ಕೋರ್ಟ್ ಮಾರ್ಷಲ್ ಮುಖ್ಯವಾಗಿ ತನ್ನದೇ ಸೈನಿಕರನ್ನು ಸೇನೆ ವಿಚಾರಣೆಗೆ ಒಳಪಡಿಸುವ ಕ್ರಮ. ಅಮೆರಿಕದಲ್ಲಿ ಅದಕ್ಕೆ 1950ರಲ್ಲಿ ಸಂಸತ್ತೇ ರೂಪಿಸಿದ ಸಂಹಿತೆಯಿದೆ. ವಕೀಲರ ನೆರವು, ಪಾಟೀಸವಾಲು, ತನ್ನ ವಿರುದ್ಧದ ಸಾಕ್ಷ್ಯವನ್ನು ನೋಡುವ ಹಕ್ಕು, ಮೇಲ್ಮನವಿ, ಎಲ್ಲವೂ ಆರೋಪಿಗೆ ಸಿಗುತ್ತವೆ.

ಮಿಲಿಟರಿ ಕಮಿಷನ್ ಹುಟ್ಟಿದ ಬಗೆಯೇ ಬೇರೆ. 1847ರಲ್ಲಿ ಮೆಕ್ಸಿಕೊ ಮೇಲೆ ದಂಡೆತ್ತಿ ಹೋದ ಜನರಲ್ ವಿನ್‌ಫೀಲ್ಡ್ ಸ್ಕಾಟ್‌ಗೆ ಒಂದು ತೊಡಕು ಎದುರಾಯಿತು. ಆಕ್ರಮಿತ ನೆಲದಲ್ಲಿ ಕೊಲೆ, ಅತ್ಯಾಚಾರ, ದರೋಡೆ ನಡೆದರೆ ಅಂದಿನ ಕೋರ್ಟ್ ಮಾರ್ಷಲ್ ಕಾನೂನಿನ ಕೈ ಅಲ್ಲಿಗೆ ಚಾಚುತ್ತಿರಲಿಲ್ಲ. ಆತ ತನ್ನ ಆದೇಶದಿಂದಲೇ ಅಧಿಕಾರಿಗಳ ಒಂದು ಪೀಠ ನೇಮಿಸಿದ. ಹಾಗೆ ನೇಮಕಗೊಂಡದ್ದೇ ‘ಕಮಿಷನ್’. ಇದನ್ನು ‘ಆಯೋಗ’ ಎಂದು ಬರೆದಾಗ ಕನ್ನಡ ಓದುಗನ ಕಣ್ಣಮುಂದೆ ಬರುವುದು ಸರ್ಕಾರಕ್ಕೆ ವರದಿ ಸಲ್ಲಿಸುವ ವಿಚಾರಣಾ ಆಯೋಗ. ಇದಾದರೋ ಗಲ್ಲಿಗೂ ಕಳಿಸಬಲ್ಲ ಪೀಠ. 1942ರಲ್ಲಿ ಅಮೆರಿಕದ ಕಡಲ ತೀರದಲ್ಲಿ ಗುಟ್ಟಾಗಿ ಇಳಿದ ಎಂಟು ಜರ್ಮನ್ ವಿಧ್ವಂಸಕರನ್ನು ಇಂಥದೇ ಕಮಿಷನ್ ವಿಚಾರಿಸಿತು. ಆರು ಮಂದಿಗೆ ಮರಣದಂಡನೆ ಜಾರಿಯೂ ಆಯಿತು.

ಸೆಪ್ಟೆಂಬರ್ 11ರ ದಾಳಿಯ ಬೆನ್ನಿಗೆ, ನವೆಂಬರ್ 13, 2001ರಂದು ಅಧ್ಯಕ್ಷ ಬುಷ್ ಹೊರಡಿಸಿದ ಆದೇಶ ಇದೇ ಹಳೆಯ ಮಾದರಿಯನ್ನು ಹೊರತೆಗೆಯಿತು. ಅದರ ನಿಯಮಗಳ ಪ್ರಕಾರ ಆರೋಪಿಯನ್ನು ಹೊರಗಿಟ್ಟು ವಿಚಾರಣೆ ನಡೆಸಬಹುದಿತ್ತು. ಒಳಗೆ ಯಾವ ಸಾಕ್ಷ್ಯ ಹಾಜರಾಯಿತು ಎಂಬುದು ಅವನಿಗೆ ಎಂದೂ ಗೊತ್ತಾಗದೇ ಹೋಗಬಹುದಿತ್ತು. ಅವನ ಪರ ನಿಂತ ಸೇನಾ ವಕೀಲನೂ ಅದನ್ನು ಅವನಿಗೆ ಹೇಳುವಂತಿರಲಿಲ್ಲ. ಒಸಾಮಾ ಬಿನ್ ಲಾಡೆನ್‌ನ ಕಾರು ಓಡಿಸುತ್ತಿದ್ದ ಯೆಮನ್‌ನ ಸಲೀಂ ಹಮ್ದಾನ್ ಇದನ್ನು ಪ್ರಶ್ನಿಸಿದ. 2006ರ ಜೂನ್‌ನಲ್ಲಿ ಸುಪ್ರೀಂ ಕೋರ್ಟ್ 5–3 ಬಹುಮತದಿಂದ ಆ ಕಮಿಷನ್‌ಗಳನ್ನು ತಳ್ಳಿಹಾಕಿತು. ಸೈನಿಕರು ತೀರ್ಪು ಕೊಡುವುದೇ ತಪ್ಪು ಎಂದು ಕೋರ್ಟ್ ಹೇಳಲಿಲ್ಲ. ಕೋರ್ಟ್ ಮಾರ್ಷಲ್ ನಿಯಮಗಳನ್ನು ಬಿಟ್ಟು ನಡೆಯಲು ಸರ್ಕಾರ ತಕ್ಕ ಕಾರಣ ತೋರಿಸಿಲ್ಲ, ಜಿನೀವಾ ಒಪ್ಪಂದದ ಕನಿಷ್ಠ ರಕ್ಷಣೆಯೂ ಇಲ್ಲಿಲ್ಲ ಎಂದಿತು. ಅಂದರೆ ಕೋರ್ಟ್ ಮಾರ್ಷಲ್ ಇಲ್ಲಿ ಅಳತೆಗೋಲು. ಅದೇ ಹೆಸರನ್ನು ಕಮಿಷನ್‌ಗೆ ಕೊಡುವುದು ಅದಕ್ಕೆ ಇಲ್ಲದ ಗೌರವ ಕೊಟ್ಟಂತೆ.

‘ಸಮವಸ್ತ್ರದವರಿಂದ ನ್ಯಾಯ ಸಾಧ್ಯವೇ’ ಎಂದು ಕೇಳುವವರೂ ಗುರಿ ತಪ್ಪುತ್ತಾರೆ. ಹಮ್ದಾನ್ ಪರ ಹೋರಾಡಿದ ಚಾರ್ಲ್ಸ್ ಸ್ವಿಫ್ಟ್ ನೌಕಾಪಡೆಯ ಅಧಿಕಾರಿ. ಮುಂದೆ ಸಂಸತ್ತು ತಂದ ಹೊಸ ಕಮಿಷನ್ ಕಾನೂನಿನಡಿ 2008ರಲ್ಲಿ ಹಮ್ದಾನ್‌ನ ವಿಚಾರಣೆ ನಡೆದಾಗ ಸೇನಾಧಿಕಾರಿಗಳ ಪೀಠ ಒಳಸಂಚಿನ ಆರೋಪವನ್ನು ಒಪ್ಪಲೇ ಇಲ್ಲ. ಭಯೋತ್ಪಾದನೆಗೆ ನೆರವಿತ್ತದ್ದಕ್ಕೆ ಪ್ರಾಸಿಕ್ಯೂಷನ್ 30 ವರ್ಷ ಕೇಳಿದರೆ ಪೀಠ ಕೊಟ್ಟದ್ದು 66 ತಿಂಗಳು. ಅದರಲ್ಲಿ 61 ತಿಂಗಳನ್ನು ಅವನಾಗಲೇ ಕಳೆದಿದ್ದ. 2012ರಲ್ಲಿ ಮೇಲ್ಮನವಿ ನ್ಯಾಯಾಲಯ ಆ ಶಿಕ್ಷೆಯನ್ನೂ ರದ್ದುಮಾಡಿತು: ಅವನು ಆ ಕೃತ್ಯ ಎಸಗಿದಾಗ ಅದು ಯುದ್ಧಾಪರಾಧವಾಗಿರಲಿಲ್ಲ. 2021ರಲ್ಲಿ ಮಜೀದ್ ಖಾನ್ ಎಂಬ ಕೈದಿ ಸಿಐಎ ವಶದಲ್ಲಿ ತಾನುಂಡ ಚಿತ್ರಹಿಂಸೆಯನ್ನು ಬಿಡಿಸಿ ಹೇಳಿದಾಗ ಎಂಟು ಸೇನಾಧಿಕಾರಿ ಜ್ಯೂರಿಗಳಲ್ಲಿ ಏಳು ಮಂದಿ ಅವನಿಗೆ ದಯೆ ತೋರಬೇಕೆಂದು ಪತ್ರ ಬರೆದರು, ಆ ಹಿಂಸೆ ಅಮೆರಿಕದ ನೈತಿಕತೆಗೆ ಅಂಟಿದ ಕಲೆ ಎಂದರು. ನ್ಯಾಯ ಕೆಟ್ಟದ್ದು ನಿಯಮದಲ್ಲಿ ಮತ್ತು ಸಾಕ್ಷ್ಯದ ಮೂಲದಲ್ಲಿ.

ಇನ್ನು ‘ಟ್ರಿಬ್ಯುನಲ್’. ಗ್ವಾಂಟನಾಮೊದಲ್ಲಿ 2004ರಿಂದ ಆ ಹೆಸರಿನವೂ ಇದ್ದವು, ಆದರೆ ಅವು ಕೈದಿ ‘ಶತ್ರು ಹೋರಾಟಗಾರ’ ಹೌದೋ ಅಲ್ಲವೋ ಎಂದಷ್ಟೇ ನೋಡುತ್ತಿದ್ದವು. ವಕೀಲರಿಲ್ಲ, ಶಿಕ್ಷೆಯೂ ಇಲ್ಲ. ನಮ್ಮ ಸಶಸ್ತ್ರ ಪಡೆಗಳ ನ್ಯಾಯಮಂಡಳಿಗಂತೂ ಇದಾವುದರ ಸಂಬಂಧವೂ ಇಲ್ಲ. 2007ರ ಕಾಯ್ದೆಯಿಂದ ಬಂದ ಅದು ಕೇಳುವುದು ಯೋಧರ ಪಿಂಚಣಿ, ಬಡ್ತಿಯಂಥ ತಕರಾರು ಮತ್ತು ಕೋರ್ಟ್ ಮಾರ್ಷಲ್ ವಿರುದ್ಧದ ಮೇಲ್ಮನವಿ.

ಉಗ್ರರ ವಿಷಯದಲ್ಲಿ ಮಾಮೂಲಿ ಕೋರ್ಟು ಸಾಲದು, ಕಮಿಷನ್ನೇ ಬೇಕು ಎನ್ನುವವರು ಇದನ್ನೂ ನೋಡಲಿ. ಗ್ವಾಂಟನಾಮೊದಿಂದ ನ್ಯೂಯಾರ್ಕ್‌ನ ಮಾಮೂಲಿ ನ್ಯಾಯಾಲಯಕ್ಕೆ ಹೋದ, 1998ರ ಆಫ್ರಿಕಾದ ಅಮೆರಿಕ ರಾಯಭಾರ ಕಚೇರಿಗಳ ಸ್ಫೋಟದ ಆರೋಪಿ ಅಹ್ಮದ್ ಘೈಲಾನಿ ಮೇಲೆ 280ಕ್ಕೂ ಹೆಚ್ಚು ಆರೋಪಗಳಿದ್ದವು. 2010ರಲ್ಲಿ ಸಾಬೀತಾದದ್ದು ಒಂದೇ. ‘ಸೋಲು’ ಎಂದು ಗದ್ದಲವೆದ್ದಿತು; ಆ ಒಂದಕ್ಕೇ ಜೀವಾವಧಿ ಶಿಕ್ಷೆಯಾಯಿತು. ಸೆಪ್ಟೆಂಬರ್ 11ರ ದಾಳಿಯ ರೂವಾರಿ ಎನ್ನಲಾದ ಖಾಲಿದ್ ಶೇಖ್ ಮೊಹಮ್ಮದ್‌ನನ್ನು ಕಮಿಷನ್ ಮುಂದೆ ನಿಲ್ಲಿಸಿ ಈಗಿನ ಪ್ರಕರಣದ ಆರೋಪ ಓದಿದ್ದು 2012ರ ಮೇ ತಿಂಗಳಲ್ಲಿ. 2003ರಲ್ಲಿ ಸಿಐಎ 183 ಬಾರಿ ನೀರು ಸುರಿದು ಉಸಿರುಗಟ್ಟಿಸಿದ ಕೈದಿ ಅವನು. ಅವನು ಆಮೇಲೆ ಹೇಳಿದ್ದರಲ್ಲಿ ಯಾವುದನ್ನು ಸಾಕ್ಷ್ಯವೆಂದು ಒಪ್ಪಬೇಕು ಎಂಬ ವಾದದಲ್ಲೇ ವರ್ಷಗಳು ಕಳೆದವು. 2024ರಲ್ಲಿ ತಪ್ಪೊಪ್ಪಿಗೆ ಒಪ್ಪಂದಕ್ಕೆ ಸಹಿ ಬಿತ್ತು, ಎರಡೇ ದಿನದಲ್ಲಿ ರಕ್ಷಣಾ ಕಾರ್ಯದರ್ಶಿ ಅದನ್ನು ಹಿಂಪಡೆದರು. ದಾಳಿಯಲ್ಲಿ ಸತ್ತ ಸುಮಾರು 3,000 ಮಂದಿಯ ಮನೆಯವರಿಗೆ ಆವರೆಗೂ ಒಂದು ತೀರ್ಪು ಸಿಕ್ಕಿರಲಿಲ್ಲ.