ಒಂದು ವಲ್ಕನ್ ಬಾಂಬರ್‌ಗೆ 11 ಟ್ಯಾಂಕರ್ ಯಾಕೆ ಬೇಕಾಯಿತು?

ಪ್ರಶ್ನೆ: 1982ರ ಫಾಕ್‌ಲೆಂಡ್ಸ್ ಯುದ್ಧದಲ್ಲಿ ಬ್ರಿಟನ್ನಿನ ಒಂದೇ ಒಂದು ವಲ್ಕನ್ ಬಾಂಬರ್ ದಾಳಿ ಮಾಡಿ ಬರಲು 11 ಟ್ಯಾಂಕರ್ ವಿಮಾನಗಳು ಹೊರಟವಂತೆ. ಒಂದು ವಿಮಾನಕ್ಕೆ ಇಂಧನ ತುಂಬಲು ಎರಡೋ ಮೂರೋ ಸಾಕಲ್ವಾ?

ಉತ್ತರ: ಸಾಲುವುದಿಲ್ಲ. ಆ ರಾತ್ರಿ 11 ಕೂಡ ಸಾಲದೇ ಹೋಗುವ ಹಂತಕ್ಕೆ ಬಂದಿತ್ತು. ಯಾಕೆಂದರೆ ಟ್ಯಾಂಕರ್‌ಗಳ ಕೆಲಸ ಬಾಂಬರ್‌ಗೆ ಇಂಧನ ಕೊಡುವುದಷ್ಟೇ ಆಗಿರಲಿಲ್ಲ. ತಮ್ಮತಮ್ಮಲ್ಲೇ ಕೊಟ್ಟುಕೊಳ್ಳುವುದೇ ಜಾಸ್ತಿ ಇತ್ತು.

ಮೊದಲು ದೂರ ನೋಡಿ. ಅಟ್ಲಾಂಟಿಕ್ ಸಾಗರದ ನಡುವೆ ಇರುವ ಅಸೆನ್ಷನ್ ದ್ವೀಪದ ವೈಡ್‌ಅವೇಕ್ ವಿಮಾನ ನಿಲ್ದಾಣದಿಂದ ಫಾಕ್‌ಲೆಂಡ್ಸ್‌ನ ಪೋರ್ಟ್ ಸ್ಟ್ಯಾನ್ಲಿಗೆ 6,000 ಕಿ.ಮೀ.ಗೂ ಜಾಸ್ತಿ. ಹೋದಷ್ಟೇ ದೂರ ವಾಪಸ್ ಬರಬೇಕು. ಮಧ್ಯದಲ್ಲಿ ಇಳಿಯಲು ಜಾಗವಿಲ್ಲ, ಬರೀ ನೀರು.

ವಲ್ಕನ್ ಹುಟ್ಟಿದ್ದು ಇಂಥ ಕೆಲಸಕ್ಕಲ್ಲ. 1947ರಲ್ಲಿ ಬ್ರಿಟಿಷ್ ಸರ್ಕಾರ ಕೇಳಿದ್ದು ಸುಮಾರು 4,500 ಕಿಲೋ ತೂಕದ ಒಂದು ಬಾಂಬನ್ನು 2,800 ಕಿ.ಮೀ. ದೂರಕ್ಕೆ ಒಯ್ಯುವ ವಿಮಾನವನ್ನು. ಬ್ರಿಟನ್ನಿನಿಂದ ಹೊರಟು ಸೋವಿಯತ್ ನೆಲದ ಮೇಲೆ ಅಣುಬಾಂಬ್ ಹಾಕುವ ಯೋಚನೆ ಅದು. ಆವ್ರೋ ಕಂಪನಿಯ ರಾಯ್ ಚ್ಯಾಡ್‌ವಿಕ್ ತ್ರಿಕೋನ ರೆಕ್ಕೆಯ ವಿನ್ಯಾಸ ಮುಂದಿಟ್ಟರು. ಅದೇ ವರ್ಷ ಬೇರೊಂದು ವಿಮಾನದ ಪರೀಕ್ಷಾ ಹಾರಾಟದಲ್ಲಿ ಅಪಘಾತವಾಗಿ ತೀರಿಕೊಂಡರು. ವಲ್ಕನ್ 1952ರ ಆಗಸ್ಟ್ 30ರಂದು ಮೊದಲ ಸಲ ಹಾರಿತು. 1969ರಲ್ಲಿ ಅಣ್ವಸ್ತ್ರದ ಮುಖ್ಯ ಹೊಣೆ ಪೊಲಾರಿಸ್ ಜಲಾಂತರ್ಗಾಮಿಗಳಿಗೆ ಹೋಯಿತು. 1982ಕ್ಕೆ ವಲ್ಕನ್‌ಗಳನ್ನು ಮನೆಗೆ ಕಳಿಸುವ ಏರ್ಪಾಡು ನಡೆದಿತ್ತು. ಅಷ್ಟರಲ್ಲಿ ಅರ್ಜೆಂಟೀನಾ, ಬ್ರಿಟನ್ ಆಳುತ್ತಿದ್ದ ಫಾಕ್‌ಲೆಂಡ್ಸ್ ದ್ವೀಪಗಳಿಗೆ ನುಗ್ಗಿತು.

ಈಗ ಲೆಕ್ಕಕ್ಕೆ ಬರೋಣ. ಸುಮ್ನೆ ಅರ್ಥವಾಗಲಿ ಅಂತ ಕಾಲ್ಪನಿಕ ಅಂಕಿ ಹಾಕುತ್ತೇನೆ. ಒಂದು ಟ್ಯಾಂಕರ್‌ನಲ್ಲಿ 10 ಪಾಲು ಇಂಧನ ಹಿಡಿಸುತ್ತದೆ, ಪ್ರತಿ 1,000 ಕಿ.ಮೀ.ಗೆ 1 ಪಾಲು ಖರ್ಚಾಗುತ್ತದೆ ಅಂದುಕೊಳ್ಳಿ. 1,000 ಕಿ.ಮೀ. ದೂರದಲ್ಲಿ ಅದು 8 ಪಾಲು ಕೊಡಬಲ್ಲದು, ಹೋಗಲು 1 ಬರಲು 1 ಇಟ್ಟುಕೊಂಡರೆ ಸಾಕು. 3,000 ಕಿ.ಮೀ. ದೂರದಲ್ಲಿ 4 ಪಾಲು ಮಾತ್ರ. 5,000 ಕಿ.ಮೀ. ದೂರದಲ್ಲಿ? ಏನೂ ಇಲ್ಲ. ಇದ್ದದ್ದೆಲ್ಲ ಅದರ ಹೊಟ್ಟೆಗೇ ಆಯಿತು.

ಹಾಗಾದರೆ 5,000 ಕಿ.ಮೀ. ಆಚೆ ಬಾಂಬರ್‌ಗೆ ಇಂಧನ ಕೊಡುವುದು ಹೇಗೆ? ಎರಡನೇ ಟ್ಯಾಂಕರ್ ಜೊತೆಗೆ ಹಾರಬೇಕು. 3,000 ಕಿ.ಮೀ.ನಲ್ಲಿ ಅದು ಮೊದಲನೆಯದಕ್ಕೆ 3 ಪಾಲು ತುಂಬಿಸಿ ಹಿಂದಿರುಗಬೇಕು. ಆಗ ಮೊದಲನೆಯದು 5,000 ಕಿ.ಮೀ.ನಲ್ಲಿ ಬಾಂಬರ್‌ಗೆ 3 ಪಾಲು ಕೊಟ್ಟು ಮನೆ ಸೇರಬಹುದು. ಬಾಂಬರ್‌ಗೆ ಸಿಕ್ಕಿದ್ದು 3 ಪಾಲು, ಎರಡು ಟ್ಯಾಂಕರ್‌ಗಳು ಸೇರಿ ಸುಟ್ಟಿದ್ದು 16 ಪಾಲು. ಬಾಂಬರ್‌ಗೂ ದಾರಿಯುದ್ದಕ್ಕೂ ಮತ್ತೆ ಮತ್ತೆ ಬೇಕು, ಅದು ವಾಪಸ್ ಬರುವಾಗ ಎದುರುಗೊಳ್ಳಲು ಇನ್ನೊಂದು ಟ್ಯಾಂಕರ್ ಬೇಕು. ಯಾವುದಾದರೂ ಕೆಟ್ಟರೆ ಎಂದು ಹೆಚ್ಚುವರಿ ಇರಬೇಕು. ಹೀಗೆ 11 ಆಯಿತು.

ಇನ್ನೊಂದು ವಿಷಯ ಹಲವರು ಗಮನಿಸುವುದಿಲ್ಲ. ಟ್ಯಾಂಕ್ ಖಾಲಿಯಾಗುವವರೆಗೆ ಕಾಯುವ ಹಾಗಿಲ್ಲ. ಪೈಪ್ ಸಿಕ್ಕದಿದ್ದರೆ ಹೊರಟಲ್ಲಿಗೇ ಹಿಂದಿರುಗುವಷ್ಟು ಇಂಧನ ಕೈಯಲ್ಲಿರುವಾಗಲೇ ಮುಂದಿನ ಸಲ ತುಂಬಿಸಬೇಕು. ದೂರ ಹೋದಷ್ಟೂ ಆ ಮೀಸಲು ದೊಡ್ಡದಾಗುತ್ತದೆ. ಜೊತೆಗೆ ಒಂಬತ್ತು ಟನ್‌ಗೂ ಮೀರಿ, ಅಂದರೆ ತಲಾ 454 ಕಿಲೋದ 21 ಬಾಂಬ್ ಹೊತ್ತ ವಲ್ಕನ್ ಎಣಿಸಿದ್ದಕ್ಕಿಂತ ಜಾಸ್ತಿ ಕುಡಿಯಿತು.

ಟ್ಯಾಂಕರ್‌ಗಳೂ ಹಳೆಯ ಬಾಂಬರ್‌ಗಳೇ. ಹ್ಯಾಂಡ್ಲಿ ಪೇಜ್ ಕಂಪನಿಯ ವಿಕ್ಟರ್, ವಲ್ಕನ್‌ನ ಜೊತೆಗಾರ ಮತ್ತು ಪ್ರತಿಸ್ಪರ್ಧಿ. ವಲ್ಕನ್ ಸಿಬ್ಬಂದಿಗಂತೂ ಗಾಳಿಯಲ್ಲಿ ಇಂಧನ ತುಂಬಿಸುವ ಅಭ್ಯಾಸವೇ ತಪ್ಪಿಹೋಗಿತ್ತು. ಮೂತಿಯ ಮುಂದಿನ ಪ್ರೋಬ್ ಕೊಳವೆಗಳಿಗಾಗಿ ಮ್ಯೂಸಿಯಂಗಳಲ್ಲಿ ನಿಂತ ವಿಮಾನಗಳನ್ನೂ ತಡಕಾಡಿದರು. ದಾರಿ ತೋರುವ ಯಂತ್ರವನ್ನು ಸೂಪರ್ ವಿಸಿ10 ಪ್ರಯಾಣಿಕ ವಿಮಾನಗಳಿಂದ ತಂದು ಕೂರಿಸಿದರು. ರಡಾರ್ ಕೆಡಿಸುವ ಉಪಕರಣ ನೇತುಹಾಕಲು, 1962ರಲ್ಲೇ ರದ್ದಾದ ಸ್ಕೈಬೋಲ್ಟ್ ಕ್ಷಿಪಣಿಗೆಂದು ರೆಕ್ಕೆಯಲ್ಲಿ ಬಿಟ್ಟಿದ್ದ ಜಾಗ ಕೆಲಸಕ್ಕೆ ಬಂತು.

ಏಪ್ರಿಲ್ 30ರ ರಾತ್ರಿ ಎರಡು ವಲ್ಕನ್ ಹೊರಟವು. ಮುಖ್ಯ ವಿಮಾನದ ಕಿಟಕಿಯೊಂದು ಸರಿಯಾಗಿ ಮುಚ್ಚಿಕೊಳ್ಳಲಿಲ್ಲ, ಅದು ಹಿಂದಿರುಗಿತು. ಮೀಸಲಿಗಿದ್ದ ಎಕ್ಸ್‌ಎಂ607, ಮಾರ್ಟಿನ್ ವಿದರ್ಸ್ ನಡೆಸುತ್ತಿದ್ದದ್ದು, ಮುಂದೆ ಹೋಯಿತು. ಒಳಗೆ ಮಾಮೂಲಿ ಐವರ ಜೊತೆ ಟ್ಯಾಂಕರ್ ಪಡೆಯ ಬೋಧಕರೊಬ್ಬರೂ ಇದ್ದರು. ವಿಮಾನ ಕೈಕೊಟ್ಟರೆ ಚಿಮ್ಮಿ ಹೊರಬೀಳುವ ಸೀಟು ಇದ್ದದ್ದು ಇಬ್ಬರು ಪೈಲಟ್‌ಗಳಿಗೆ ಮಾತ್ರ. ಹಿಂದೆ ಕೂತವರು ಬಾಗಿಲು ತೆರೆದು ಜಿಗಿಯಬೇಕಿತ್ತು.

ದಕ್ಷಿಣಕ್ಕೆ ಹೋದಂತೆ ಟ್ಯಾಂಕರ್‌ಗಳು ಒಂದೊಂದಾಗಿ ಹಿಂದಿರುಗಿ, ಕೊನೆಗೆ ಎರಡು ವಿಕ್ಟರ್ ಉಳಿದವು. ಅವು ಇಂಧನ ವರ್ಗಾಯಿಸಬೇಕಾದ ಜಾಗದಲ್ಲೇ ಬಿರುಗಾಳಿ. ಟ್ಯಾಂಕರ್‌ನಿಂದ ಪೈಪ್ ಇಳಿಬಿಟ್ಟಿರುತ್ತಾರೆ, ಅದರ ತುದಿಯಲ್ಲಿ ಬುಟ್ಟಿಯಂಥ ಡ್ರೋಗ್. ಹಿಂದಿನ ವಿಮಾನ ತನ್ನ ಪ್ರೋಬನ್ನು ಕತ್ತಲಲ್ಲಿ ಅದರೊಳಗೆ ತೂರಿಸಬೇಕು. ಆ ಎಳೆದಾಟದಲ್ಲಿ ಒಂದು ವಿಕ್ಟರ್‌ನ ಪ್ರೋಬ್ ಮುರಿಯಿತು. ಮುಂದೆ ಹೋಗಬೇಕಿದ್ದದ್ದು ಅದೇ! ಬಾಬ್ ಟಕ್ಸ್‌ಫರ್ಡ್ ನಡೆಸುತ್ತಿದ್ದ ಇನ್ನೊಂದು ವಿಕ್ಟರ್, ಕೊಟ್ಟ ಇಂಧನವನ್ನು ವಾಪಸ್ ಪಡೆದು ತಾನೇ ಮುಂದೆ ಹೋಯಿತು.

ಕೊನೆಯ ಸಲ ವಲ್ಕನ್‌ಗೆ ತುಂಬಿಸಿದಾಗ ಯೋಜನೆಯಷ್ಟು ಕೊಡಲು ಆಗಲಿಲ್ಲ. ಹಾಗಿದ್ದೂ ಟಕ್ಸ್‌ಫರ್ಡ್ ತಾವು ಅಸೆನ್ಷನ್ ಮುಟ್ಟಲು ಬೇಕಾದದ್ದನ್ನೇ ಕೊಟ್ಟುಬಿಟ್ಟಿದ್ದರು. ರೇಡಿಯೋದಲ್ಲಿ ಸಹಾಯ ಕೇಳಿದರೆ ದಾಳಿಯ ಗುಟ್ಟು ಬಯಲಾಗುತ್ತದೆ. ಹಾಗಾಗಿ ಅವರು ಕೇಳಲೇ ಇಲ್ಲ. ಬಾಂಬ್ ಬಿತ್ತು ಎಂಬ ಸಂಕೇತ ಪದ ‘ಸೂಪರ್‌ಫ್ಯೂಸ್’ ಕಿವಿಗೆ ಬಿದ್ದ ಮೇಲಷ್ಟೇ ಇನ್ನೊಂದು ಟ್ಯಾಂಕರ್ ಕಳಿಸಲು ಹೇಳಿದರು. ಅದು ಬಂದು ಮುಟ್ಟಿತು. ನನ್ನ ಕಣ್ಣಿಗೆ ಆ ರಾತ್ರಿಯ ದೊಡ್ಡ ಧೈರ್ಯ ಬಾಂಬರ್‌ನಲ್ಲಿ ಇರಲಿಲ್ಲ, ಆ ಟ್ಯಾಂಕರ್‌ನಲ್ಲಿತ್ತು.

ದಾಳಿ ಮುಗಿದದ್ದು ಕ್ಷಣಗಳಲ್ಲಿ. ರಡಾರ್ ತಪ್ಪಿಸಲು ಸಮುದ್ರಕ್ಕೆ ಹತ್ತಿರವಾಗಿ ಹಾರಿ, ಕೊನೆಯಲ್ಲಿ ಸುಮಾರು 3,000 ಮೀಟರ್ ಮೇಲೇರಿ ಬಾಂಬ್ ಬಿಟ್ಟರು. ಗುರಿ ಪೋರ್ಟ್ ಸ್ಟ್ಯಾನ್ಲಿಯ ರನ್‌ವೇ. ಹಾರಿದ್ದು ಅದರ ಉದ್ದಕ್ಕೆ ಅಲ್ಲ, ಅಡ್ಡ ಓರೆಯಾಗಿ. ಉದ್ದಕ್ಕೆ ಹಾರಿದರೆ ಗುರಿ ಪಕ್ಕಕ್ಕೆ ಸ್ವಲ್ಪ ತಪ್ಪಿದರೂ 21ಕ್ಕೆ 21 ಬಾಂಬೂ ಹೊರಗೆ ಬೀಳುತ್ತವೆ. ಅಡ್ಡ ಹಾರಿದರೆ ಸಾಲಿನಲ್ಲಿ ಒಂದಾದರೂ ರನ್‌ವೇ ಮೇಲೆ ಬೀಳುವ ಸಾಧ್ಯತೆ ಹೆಚ್ಚು. ಬಿದ್ದದ್ದೂ ಒಂದೇ, ರನ್‌ವೇ ನಡುಮಧ್ಯಕ್ಕೆ. ಬ್ರೆಜಿಲ್ ಕರಾವಳಿಯಾಚೆ ಮತ್ತೊಂದು ವಿಕ್ಟರ್‌ನಿಂದ ಇಂಧನ ಪಡೆದು, ಸುಮಾರು 16 ಗಂಟೆ ಹಾರಿ ವಲ್ಕನ್ ಹಿಂದಿರುಗಿತು.

ಇಷ್ಟಕ್ಕೆಲ್ಲ ಫಲ ಸಿಕ್ಕಿತಾ ಎಂಬ ಜಗಳ ಇವತ್ತಿಗೂ ಮುಗಿದಿಲ್ಲ. ಅರ್ಜೆಂಟೀನಾದ ಹರ್ಕ್ಯುಲಿಸ್ ಸಾಗಣೆ ವಿಮಾನಗಳು ಯುದ್ಧ ಮುಗಿಯುವವರೆಗೂ ಆ ರನ್‌ವೇ ಬಳಸಿದವು. ಒಂದು ಗುಂಡಿಗೆ ಇದು ದುಬಾರಿಯೇ ಸರಿ. ಆದರೆ ಇಷ್ಟು ದೂರ ಬಂದು ಹೊಡೆಯಬಲ್ಲೆವು ಎಂದು ತೋರಿಸಿದ್ದು ಬೇರೆ ಮಾತು. ಬ್ಲ್ಯಾಕ್ ಬಕ್ ಹೆಸರಿನ ಇಂಥ ಏಳು ಹಾರಾಟಗಳ ಯೋಜನೆಯಲ್ಲಿ ಐದು ಪೂರ್ತಿಯಾದವು. ಒಂದರಲ್ಲಿ ವಲ್ಕನ್‌ನ ಪ್ರೋಬೇ ಮುರಿದು, ಇಂಧನ ಮುಗಿಯುತ್ತಾ ಬಂದು, ರಿಯೊ ಡಿ ಜನೈರೊದಲ್ಲಿ ಇಳಿಯಬೇಕಾಯಿತು.

ಯುದ್ಧದಲ್ಲಿ ವಿಕ್ಟರ್‌ಗಳು ಎಷ್ಟು ದಣಿದವೆಂದರೆ ಬ್ರಿಟನ್‌ಗೆ ಟ್ಯಾಂಕರ್‌ಗಳೇ ಸಾಲದಾದವು. ಅದಕ್ಕೆ ಆರು ವಲ್ಕನ್‌ಗಳನ್ನು ಟ್ಯಾಂಕರ್‌ಗಳಾಗಿ ಮಾರ್ಪಡಿಸಿದರು. 1984ರ ಮಾರ್ಚ್‌ವರೆಗೆ ಅವು ಬೇರೆ ವಿಮಾನಗಳಿಗೆ ಇಂಧನ ತುಂಬಿಸುತ್ತಿದ್ದವು.