ಹಳೆಯ ಕ್ರಿಕೆಟ್ ಚಿತ್ರಗಳಲ್ಲಿ ಬ್ಯಾಟ್ ಏಕೆ ಬಾಗಿದೆ?

ಪ್ರಶ್ನೆ: ಹದಿನೆಂಟನೇ ಶತಮಾನದ ಇಂಗ್ಲೆಂಡಿನ ಮುದ್ರಣಚಿತ್ರಗಳಲ್ಲಿ ಕ್ರಿಕೆಟ್ ಆಡುವ ಹುಡುಗರ ಕೈಯಲ್ಲಿ ಹಾಕಿ ಕೋಲಿನಂಥ ಬ್ಯಾಟ್ ಇರುತ್ತದೆ. ಚಿತ್ರಕಾರನಿಗೆ ಆಟವೇ ಗೊತ್ತಿರಲಿಲ್ಲವೇ?

ಗೊತ್ತಿತ್ತು. ಎಷ್ಟು ಸಲ ಕೇಳಿದರೂ ನನ್ನ ಉತ್ತರ ಇದೇ: ಅವನು ಕಂಡದ್ದನ್ನೇ ಬಿಡಿಸಿದ್ದಾನೆ.

ಹೆಚ್ಚಿನವರ ಅನುಮಾನ ಗ್ರಾವೆಲೊ 1739ರಲ್ಲಿ ರಚಿಸಿದ ಚಿತ್ರದ ಮೇಲೆ. ದುಂಡು ಕೆನ್ನೆಯ ಹುಡುಗರು, ಎರಡೇ ಸ್ಟಂಪು, ಮೇಲೊಂದು ಬೇಲ್, ಬಾಗಿದ ಬ್ಯಾಟ್. ಗ್ರಾವೆಲೊ ಫ್ರಾನ್ಸಿನವನು, ಅದಕ್ಕೇ ಎಡವಿದ ಎನ್ನುತ್ತಾರೆ. ಸರಿ, ಫ್ರಾನ್ಸಿಸ್ ಹೇಮನ್ ಇಂಗ್ಲೆಂಡಿನಲ್ಲೇ ಹುಟ್ಟಿ ಬೆಳೆದವನು. ಲಂಡನ್ನಿನ ವಾಕ್ಸ್‌ಹಾಲ್ ಉದ್ಯಾನಕ್ಕೆ ಅವನು ಬಿಡಿಸಿದ ಕ್ರಿಕೆಟ್ ಚಿತ್ರ 1743ರಲ್ಲಿ ಅಚ್ಚಾಯಿತು. ಅದರಲ್ಲೂ ಬ್ಯಾಟ್ ಬಾಗಿದೆ, ಸ್ಟಂಪು ಎರಡೇ ಇವೆ. ಅವನೂ ಎಡವಿದನೇ? ಚಿತ್ರಗಳನ್ನೇ ನಂಬದವರಿಗೆ ಓವಲ್ ಮೈದಾನದಲ್ಲಿ ಜೋಪಾನವಾಗಿರುವ 1729ರ ಬ್ಯಾಟ್ ಸಾಕ್ಷಿ. ಅದರ ತುದಿಯೂ ಬಾಗಿದೆ.

ಕಾರಣ ಬೌಲಿಂಗ್‌ನಲ್ಲಿದೆ. ಆಗ ಚೆಂಡನ್ನು ಕೈ ಕೆಳಗಿನಿಂದ, ನೆಲಕ್ಕೆ ಅಂಟಿ ಬರುವಂತೆ ಉರುಳಿಸುತ್ತಿದ್ದರು. 1744ರ ನಿಯಮದಂತೆ ವಿಕೆಟ್ 22 ಅಂಗುಲ ಎತ್ತರ, 6 ಅಂಗುಲ ಅಗಲ. ಅಂಥ ಚೆಂಡನ್ನು ಗುಡಿಸಿ ಹೊಡೆಯಲು ಬಾಗಿದ ತುದಿಯೇ ಬೇಕು. ಚೆಂಡು ಪುಟಿದು ಮೇಲೇಳತೊಡಗಿದ ಮೇಲೆ ಬ್ಯಾಟ್ ನೆಟ್ಟಗಾಯಿತು. ಮೂರನೆಯ ಸ್ಟಂಪಿಗೆ 1775ರ ಒಂದು ಪಂದ್ಯ ಕಾರಣವೆನ್ನುತ್ತಾರೆ: ಲಂಪಿ ಸ್ಟೀವನ್ಸ್ ಎಸೆದ ಚೆಂಡು ಮೂರು ಬಾರಿ ಜಾನ್ ಸ್ಮಾಲ್‌ನ ಎರಡು ಸ್ಟಂಪುಗಳ ನಡುವೆ ನುಸುಳಿದರೂ ಬೇಲ್ ಬೀಳಲಿಲ್ಲ, ಅವನು ಔಟಾಗಲಿಲ್ಲ.

ಈ ಚಿತ್ರಗಳಲ್ಲಿ ನಿಜವಾಗಿ ಅನುಮಾನಿಸಬೇಕಾದದ್ದನ್ನು ಮಾತ್ರ ಯಾರೂ ಕೇಳುವುದಿಲ್ಲ. ಬ್ಯಾಟ್ ಹಿಡಿದ ಹುಡುಗ ಎಡಗೈಯವನೋ, ಬಲಗೈಯವನೋ? ತಾಮ್ರದ ಫಲಕದಲ್ಲಿ ಕೊರೆದದ್ದು ಕಾಗದದ ಮೇಲೆ ಎಡಬಲ ತಿರುಗಿ ಅಚ್ಚಾಗುತ್ತದೆ. ಎಚ್ಚರದ ಕೆತ್ತನೆಗಾರ ಮೂಲಚಿತ್ರವನ್ನು ಮೊದಲೇ ತಿರುಗಿಸಿ ಕೊರೆಯುತ್ತಿದ್ದ. ಅವಸರದವನು ಇದ್ದಂತೆಯೇ ಇಳಿಸುತ್ತಿದ್ದ. ಆದ್ದರಿಂದ ಎಡಗೈ ಆಟಗಾರನನ್ನು ಪತ್ತೆಹಚ್ಚಿದೆವೆಂದು ಸಂಭ್ರಮಿಸುವ ಮೊದಲು ಪಕ್ಕದಲ್ಲಿ ನಿಂತ ಗಂಡಸರ ಕೋಟುಗಳನ್ನು ನೋಡಿ. ಗುಂಡಿಗಳ ಸಾಲು ತೊಟ್ಟವನ ಬಲಬದಿಗಿರಬೇಕು, ಕತ್ತಿಯಿದ್ದರೆ ಎಡಸೊಂಟದಲ್ಲಿರಬೇಕು. ಎರಡೂ ಅದಲುಬದಲಾಗಿದ್ದರೆ ಆ ಹುಡುಗ ಬಹುಮಟ್ಟಿಗೆ ಬಲಗೈ ಬ್ಯಾಟ್ಸ್‌ಮನ್ನೇ.