ಗ್ರೀಸಿನೊಳಗೆ ನೂಲು ಹೊಸೆಯುವವರು ಯಾರು?

ಪ್ರಶ್ನೆ: ಕೆಲವು ಸಣ್ಣ ಅಣುಗಳು ತಾವಾಗಿಯೇ ಸೇರಿಕೊಂಡು ನ್ಯಾನೋ ನೂಲುಗಳಾಗುತ್ತವೆ, ಆ ನೂಲುಗಳೆಲ್ಲ ಒಂದೇ ಕಡೆಗೆ ತಿರುಚಿಕೊಂಡಿರುತ್ತವೆ ಎಂದು ಓದಿದೆ. ಅಣುಗಳಿಗೆ ಕಣ್ಣಿಲ್ಲ, ಬುದ್ಧಿ ಇಲ್ಲ. ಹಾಗಾದರೆ ಜೋಡಿಸುವವರು ಯಾರು? ಎಡ ಯಾವುದು, ಬಲ ಯಾವುದು ಅಂತ ಅವಕ್ಕೆ ಹೇಗೆ ಗೊತ್ತಾಗುತ್ತದೆ?

ಉತ್ತರ: ಯಾರೂ ಜೋಡಿಸುವುದಿಲ್ಲ. ಆದರೆ ಸುಮ್ನೆ "ತಾವಾಗಿಯೇ" ಅಂದುಬಿಟ್ಟರೆ ಉತ್ತರ ಕೊಟ್ಟಂತಾಗುವುದಿಲ್ಲ, ಅಲ್ವಾ? ಅದಕ್ಕೇ ಒಂದೇ ಒಂದು ಅಣುವನ್ನು ಹಿಡಿದು ಅದರ ಹಿಂದೆ ಹೋಗೋಣ. ಗ್ಯಾರೇಜಿನಲ್ಲಿ ಬೇರಿಂಗಿಗೆ ತುಂಬುವ ಲಿಥಿಯಂ ಗ್ರೀಸ್ ನೋಡಿರುತ್ತೀರಿ. ಅದರಲ್ಲಿ ಹೆಚ್ಚಿನ ಪಾಲು ಬರೀ ಎಣ್ಣೆ. ಆ ಎಣ್ಣೆ ಹರಿದುಹೋಗದಂತೆ ಹಿಡಿದಿಟ್ಟುಕೊಂಡಿರುವುದು ಕಣ್ಣಿಗೆ ಕಾಣದ ನೂಲುಗಳ ಬಲೆ. ಆ ನೂಲಿನ ಮೂಲ ನಮ್ಮ ಹರಳೆಣ್ಣೆ.

ಹರಳೆಣ್ಣೆಯ ಕೊಬ್ಬಿನಾಮ್ಲದಲ್ಲಿ ನೂರಕ್ಕೆ ಸುಮಾರು 85ರಿಂದ 90 ಭಾಗ ರಿಸಿನೋಲಿಕ್ ಆಮ್ಲ. ಅದಕ್ಕೆ ಹೈಡ್ರೋಜನ್ ಸೇರಿಸಿದರೆ 12-ಹೈಡ್ರಾಕ್ಸಿ ಸ್ಟಿಯರಿಕ್ ಆಮ್ಲ ಸಿಗುತ್ತದೆ. ಹೆಸರು ಉದ್ದ, ಅಣು ಮಾತ್ರ ಸರಳ. ಸಾಲಾಗಿ 18 ಕಾರ್ಬನ್‌ಗಳು, ಒಂದು ತುದಿಯಲ್ಲಿ ಆಮ್ಲದ ಗುಂಪು, 12ನೇ ಕಾರ್ಬನ್ನಿಗೆ ಅಂಟಿಕೊಂಡ ಒಂದು ಹೈಡ್ರಾಕ್ಸಿಲ್, ಅಂದರೆ ಆಕ್ಸಿಜನ್–ಹೈಡ್ರೋಜನ್ ಜೋಡಿ. ಪೂರ್ತಿ ಚಾಚಿದರೂ ಉದ್ದ ಎರಡೂವರೆ ನ್ಯಾನೋಮೀಟರ್ ಆಸುಪಾಸು.

ಎಲ್ಲ ಕಥೆಯೂ ಆ 12ನೇ ಕಾರ್ಬನ್ನಿನಲ್ಲಿದೆ. ಅದಕ್ಕೆ ನಾಲ್ಕು ಕೊಂಡಿಗಳು: ಒಂದು ಹೈಡ್ರೋಜನ್ನಿಗೆ, ಒಂದು ಹೈಡ್ರಾಕ್ಸಿಲ್‌ಗೆ, ಒಂದು ಆರು ಕಾರ್ಬನ್ನಿನ ಗಿಡ್ಡ ಬಾಲಕ್ಕೆ, ಇನ್ನೊಂದು ಆಮ್ಲದ ತುದಿಯಿರುವ ಹನ್ನೊಂದು ಕಾರ್ಬನ್ನಿನ ಉದ್ದ ಬಾಲಕ್ಕೆ. ನಾಲ್ಕೂ ಬೇರೆ ಬೇರೆ. ಇಂಥ ಅಣುವನ್ನೂ ಕನ್ನಡಿಯಲ್ಲಿ ಕಾಣುವ ಅದರ ಬಿಂಬವನ್ನೂ ಹೇಗೆ ತಿರುಗಿಸಿದರೂ ಒಂದರ ಮೇಲೊಂದು ಸರಿಯಾಗಿ ಕೂರಿಸಲು ಆಗುವುದಿಲ್ಲ. ಇದನ್ನೇ ಕೈರಲ್ ಅಣು ಅನ್ನುತ್ತಾರೆ. ಪ್ರಯೋಗಾಲಯದಲ್ಲಿ ಇಂಥವನ್ನು ತಯಾರಿಸಲು ಹೊರಟರೆ ಸಾಮಾನ್ಯವಾಗಿ ಎಡ ರೂಪ, ಬಲ ರೂಪ ಎರಡೂ ಬೆರೆತು ಬರುತ್ತವೆ. ಹರಳು ಗಿಡದಲ್ಲಿ ಹಾಗಾಗುವುದಿಲ್ಲ. ಅದರ ಬೀಜದಲ್ಲಿರುವ ಎಂಜೈಮು ಪ್ರತಿ ಸಲವೂ ಒಂದೇ ಬದಿಗೆ ಹೈಡ್ರಾಕ್ಸಿಲ್ ಕೂರಿಸುತ್ತದೆ. ಆಮೇಲೆ ಹೈಡ್ರೋಜನ್ ಸೇರಿಸಿದಾಗಲೂ ಆ ಕಾರ್ಬನ್ನಿಗೆ ಏನೂ ಆಗುವುದಿಲ್ಲ. ಅಂದರೆ ಗ್ರೀಸ್ ಕಾರ್ಖಾನೆಗೆ ಬರುವ ಲಾರಿಗಟ್ಟಲೆ ಸರಕೆಲ್ಲ ಒಂದೇ ರೂಪದ ಅಣುಗಳು. ದುಬಾರಿ ಕೈರಲ್ ರಸಾಯನ ಕೊಳ್ಳುವವರು ಇದನ್ನು ಕೇಳಿದರೆ ಹೊಟ್ಟೆ ಉರಿದುಕೊಳ್ಳಬಹುದು.

ಈಗ ಜೋಡಣೆ. ಈ ಆಮ್ಲವನ್ನು ಬಿಸಿ ಎಣ್ಣೆಯಲ್ಲಿ ಕರಗಿಸಿದರೆ ಅಣುಗಳು ಬಿಡಿಬಿಡಿಯಾಗಿ ಓಡಾಡಿಕೊಂಡಿರುತ್ತವೆ. ಆರುತ್ತಾ ಬಂದಂತೆ ಓಟ ತಗ್ಗುತ್ತದೆ. ಢಿಕ್ಕಿ ಹೊಡೆದ ಎರಡು ಅಣುಗಳ ಹೈಡ್ರಾಕ್ಸಿಲ್‌ಗಳ ನಡುವೆ ಹೈಡ್ರೋಜನ್ ಬಂಧ ಹುಟ್ಟುತ್ತದೆ. ಆಮ್ಲದ ತುದಿಗಳೂ ಒಂದಕ್ಕೊಂದು ಅಂಟುತ್ತವೆ, ಉದ್ದ ಬಾಲಗಳು ಒತ್ತೊತ್ತಾಗಿ ಮಲಗುತ್ತವೆ. ಇವೆಲ್ಲ ದುರ್ಬಲ ಬಂಧಗಳು, ಮತ್ತು ದುರ್ಬಲವಾಗಿರುವುದೇ ಇಲ್ಲಿ ಅನುಕೂಲ. ತಪ್ಪಾಗಿ ಕೂತ ಅಣುವಿಗೆ ಹಿಡಿತ ಸಾಲದೆ ಅದು ಕಳಚಿಕೊಂಡು ಹೋಗುತ್ತದೆ. ಸರಿಯಾಗಿ ಕೂತದ್ದಕ್ಕೆ ಎಲ್ಲ ಬಂಧಗಳೂ ಒಟ್ಟಿಗೆ ಸಿಗುವುದರಿಂದ ಅದು ಉಳಿಯುತ್ತದೆ. ಅಂಟುವುದು, ಕಳಚುವುದು, ಮತ್ತೆ ಅಂಟುವುದು ಲೆಕ್ಕವಿಲ್ಲದಷ್ಟು ಸಲ ನಡೆದು ಕೊನೆಗೆ ಕ್ರಮ ಉಳಿಯುತ್ತದೆ. ನೀವು ಕೇಳಿದ "ಜೋಡಿಸುವವರು" ಯಾರಾದರೂ ಇದ್ದರೆ ಅದು ಈ ಕಳಚಿಕೊಳ್ಳುವ ಸ್ವಾತಂತ್ರ್ಯ.

ಪ್ರಕೃತಿ ಅವ್ಯವಸ್ಥೆಯ ಕಡೆಗೇ ಹೋಗುತ್ತದೆ ಅಂತ ಓದಿದವರು ಇಲ್ಲಿ ತಡೆಯುತ್ತಾರೆ. ಬಂಧ ಕೂಡಿದಾಗ ಶಾಖ ಹೊರಬರುತ್ತದೆ. ಅದು ಸುತ್ತಲಿನ ಎಣ್ಣೆಯ ಅಣುಗಳ ಗದ್ದಲವನ್ನು ಹೆಚ್ಚಿಸುತ್ತದೆ. ನೂಲಿನೊಳಗೆ ಕ್ರಮ ಬಂದರೂ ಒಟ್ಟು ಲೆಕ್ಕದಲ್ಲಿ ಅವ್ಯವಸ್ಥೆ ಜಾಸ್ತಿಯೇ ಆಗಿರುತ್ತದೆ.

ತಿರುಚು ಎಲ್ಲಿಂದ ಬಂತು? ಹೈಡ್ರಾಕ್ಸಿಲ್ ಅಣುವಿನ ಒಂದು ಬದಿಗೆ ಚಾಚಿಕೊಂಡಿರುವುದರಿಂದ ಪಕ್ಕದ ಅಣು ನೆಟ್ಟಗೆ ಕೂರಲಾರದು. ಚೂರು ಓರೆಯಾಗಿ ಕೂರುತ್ತದೆ. ಅದರ ಪಕ್ಕದ್ದು ಅದೇ ದಿಕ್ಕಿಗೆ ಇನ್ನೊಂದು ಚೂರು ಓರೆ. ಅಣುಗಳೆಲ್ಲ ಒಂದೇ ರೂಪದವಾದ್ದರಿಂದ ಓರೆ ರದ್ದಾಗುವುದಿಲ್ಲ, ಕೂಡುತ್ತಾ ಹೋಗುತ್ತದೆ. ಸಾವಿರಾರು ಅಣುಗಳಾದ ಮೇಲೆ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಕಾಣುವಷ್ಟು ತಿರುಚು ಬರುತ್ತದೆ. ಎಡ–ಬಲ ಯಾವ ಅಣುವಿಗೂ ಗೊತ್ತಿರಬೇಕಾಗಿಲ್ಲ, ಪಕ್ಕದ್ದರ ಜೊತೆ ಹೊಂದಿಕೊಂಡರೆ ಸಾಕು. ತಚಿಬಾನ ಮತ್ತು ಕಂಬಾರ ಎಂಬ ಇಬ್ಬರು ಜಪಾನಿ ವಿಜ್ಞಾನಿಗಳು 1965ರಲ್ಲೇ ಇದೇ ಆಮ್ಲದ ಲಿಥಿಯಂ ಲವಣದಲ್ಲಿ (ಲಿಥಿಯಂ ಗ್ರೀಸಿನಲ್ಲಿರುವುದು ಇದೇ) ಇದನ್ನು ತೋರಿಸಿದ್ದರು. ಒಂದು ರೂಪದ ಅಣುಗಳ ನೂಲು ಒಂದು ಕಡೆಗೆ ತಿರುಚಿದರೆ, ಕನ್ನಡಿ ರೂಪದ್ದು ಇನ್ನೊಂದು ಕಡೆಗೆ.

ನನ್ನ ಮಟ್ಟಿಗೆ ಇದಕ್ಕಿಂತ ಸ್ವಾರಸ್ಯದ ಪ್ರಶ್ನೆ ಬೇರೆಯೇ ಇದೆ: ನೂಲು ಸಣ್ಣಗೇ ಯಾಕೆ ಉಳಿಯುತ್ತದೆ? ಅಂಟುವುದು ಲಾಭವೇ ಆಗಿದ್ದರೆ ಅಡ್ಡಡ್ಡಕ್ಕೂ ಅಂಟುತ್ತಾ ದಪ್ಪ ಹರಳು (ಸ್ಫಟಿಕ) ಆಗಬೇಕಿತ್ತಲ್ಲ? ಜಡೆಗೆ ಕಟ್ಟುವ ಟೇಪನ್ನು ತಿರುಚಿ ಹಿಡಿಯಿರಿ. ಅಂಚು ಸುತ್ತಿಕೊಂಡು ಹೋಗಬೇಕಾದ್ದರಿಂದ ನಡುಭಾಗಕ್ಕಿಂತ ಅದರ ದಾರಿ ಉದ್ದ. ಅಗಲವಾದ ಟೇಪಾದರೆ ಅಂಚು ಇನ್ನೂ ಜಾಸ್ತಿ ಎಳೆಯುತ್ತದೆ. ಅಣುಗಳ ಪಟ್ಟಿಯೂ ಹಾಗೇ. ಪದರದ ಮೇಲೆ ಪದರ ಅಂಟಿದಷ್ಟೂ ಹೊರಗಿನ ಅಣುಗಳ ಮೇಲೆ ಎಳೆತ ಏರುತ್ತದೆ. ಒಂದು ದಪ್ಪ ಮುಟ್ಟಿದಾಗ ಅಂಟುವ ಲಾಭವನ್ನು ಎಳೆತದ ನಷ್ಟ ನುಂಗಿಹಾಕುತ್ತದೆ. ಅಲ್ಲಿಗೆ ದಪ್ಪವಾಗುವುದು ನಿಲ್ಲುತ್ತದೆ. ಉದ್ದಕ್ಕೆ ಬೆಳೆಯಲು ಈ ತೊಂದರೆ ಇಲ್ಲ. ಲೀಡ್ಸ್ ವಿಶ್ವವಿದ್ಯಾಲಯದ ಅಮಾಲಿಯಾ ಅಗೆಲಿ ಮತ್ತು ಸಂಗಡಿಗರು 2001ರಲ್ಲಿ ಪೆಪ್ಟೈಡುಗಳ (ಪ್ರೋಟೀನಿನ ತುಣುಕುಗಳಂಥ ಗಿಡ್ಡ ಸರಪಳಿಗಳ) ಮೇಲೆ ಕೆಲಸ ಮಾಡಿ ಈ ಲೆಕ್ಕವನ್ನು ಚೊಕ್ಕವಾಗಿ ಮುಂದಿಟ್ಟರು.

ಇದು ನಿಜವೇ ಅಂತ ನೋಡಲು ಎಡ–ಬಲ ರೂಪಗಳನ್ನು ಸಮಸಮವಾಗಿ ಬೆರೆಸಬೇಕು. ಹರಳೆಣ್ಣೆಯ ಶುದ್ಧ ರೂಪವಾದರೆ ನೂರು ಗ್ರಾಂ ಖನಿಜ ತೈಲವನ್ನು ಜೆಲ್ ಮಾಡಲು ಒಂದು ಗ್ರಾಂಗಿಂತ ಕಡಿಮೆ ಸಾಕು. ಬೆರೆಸಿದ್ದಾದರೆ ನೂಲಿನ ಬದಲು ಚಪ್ಪಟೆ ಹಾಳೆಯಂಥ ಹರಳುಗಳಾಗುತ್ತವೆ. ಎಣ್ಣೆ ಹಿಡಿದಿಡಲು ಹೆಚ್ಚು ಸುರಿಯಬೇಕಾಗುತ್ತದೆ. ಹೈಡ್ರಾಕ್ಸಿಲ್ ಇಲ್ಲದ ಸ್ಟಿಯರಿಕ್ ಆಮ್ಲದ ಗತಿಯೂ ಚಪ್ಪಟೆಯೇ, ಅದು ಮೇಣದಬತ್ತಿಗೆ ಹೋಗುತ್ತದೆ.

ಒಂದು ಎಚ್ಚರಿಕೆ. ಅಣುವಿನ ರೂಪ ನೋಡಿದ ಮಾತ್ರಕ್ಕೆ ನೂಲು ಯಾವ ಕಡೆ ತಿರುಚುತ್ತದೆ ಎಂದು ಹೇಳಲು ಬರುವುದಿಲ್ಲ. ದ್ರಾವಕ, ಉಷ್ಣತೆ, ಜೊತೆಗಿರುವ ಬೇರೆ ಅಣು, ಎಲ್ಲವೂ ಕೈ ಹಾಕುತ್ತವೆ. ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದ ಸುಬಿ ಜಾರ್ಜ್ ಅವರ ತಂಡ 2014ರಲ್ಲಿ ಇದನ್ನೇ ಉಪಯೋಗಕ್ಕೆ ತಂದುಕೊಂಡಿತು. ಅವರು ಆರಿಸಿಕೊಂಡ ಅಣುವಿಗೆ ಸ್ವಂತ ಎಡ–ಬಲ ಇರಲಿಲ್ಲ. ಜೀವಕೋಶಗಳಲ್ಲಿ ಶಕ್ತಿ ಸಾಗಿಸುವ ಎಟಿಪಿ ಎಂಬ ಅಣು ಅಂಟಿದರೆ ಅದರ ಸಾಲು ಒಂದು ಕಡೆಗೆ ತಿರುಚುತ್ತಿತ್ತು. ಎಂಜೈಮು ಆ ಎಟಿಪಿಯನ್ನು ಕತ್ತರಿಸುತ್ತಾ ಹೋದಂತೆ ಅದೇ ಸಾಲು ಎದುರು ದಿಕ್ಕಿಗೆ ಹೊರಳುತ್ತಿತ್ತು. ಆ ಹೊರಳುವಿಕೆಯನ್ನು ಬೆಳಕಿನಿಂದ ಅಳೆದರೆ ಎಂಜೈಮು ಎಷ್ಟು ಕೆಲಸ ಮಾಡಿದೆ ಎಂಬುದು ಆಗಿಂದಾಗಲೇ ತಿಳಿಯುತ್ತದೆ.